ಹನಿ ಬಿಡುವ ಹೊತ್ತು

ಮಾರ್ಚ್ 3, ಸೋಮವಾರ

ಬೆಳಿಗ್ಗೆ ನಲವತ್ತೆಂಟು ಗಾಜು ತೊಳೆದೆ. ಸೋಪಿನ ನೀರು, ಬರೀ ನೀರು, ಅಸಿಟೋನ್, ಸ್ಪಿರಿಟ್. ಒಂದೊಂದಕ್ಕೂ ನಾಲ್ಕು ಸ್ನಾನ. ಅಂಚೆಚೀಟಿಯಷ್ಟಗಲದ ತುಂಡುಗಳು, ಆದರೆ ಮದುವಣಗಿತ್ತಿಗಿಂತ ಹೆಚ್ಚು ಉಪಚಾರ. ಒಂದು ಬೆರಳಚ್ಚು ಉಳಿದರೂ ಅದರ ಮೇಲೆ ಕಟ್ಟುವ ಸೋಲಾರ್ ಸೆಲ್ ಅಲ್ಲಿಗೇ ಮುಗಿಯಿತು.

ಆಮೇಲೆ ಬುಗುರಿ. ಲ್ಯಾಬಿನವರಿಗೆ ಅದು ಸ್ಪಿನ್ನರ್, ನನಗೆ ಬುಗುರಿಯೇ. ಅದರ ತಲೆಯ ಮೇಲೆ ಗಾಜು ಕೂರಿಸಿ, ಹಳದಿ ದ್ರಾವಣ ಹಾಕಿ, ಗರ್ರನೆ ತಿರುಗಿಸಬೇಕು. ದ್ರಾವಣ ಹರಡಿ ತೆಳ್ಳಗಾಗುತ್ತದೆ. ಎಷ್ಟು ತೆಳ್ಳಗೆ ಅಂದರೆ, ಅಂಥ ನೂರೈವತ್ತು ಪದರ ಒಂದರ ಮೇಲೊಂದು ಇಟ್ಟರೆ ಒಂದು ತಲೆಗೂದಲು. ಹಾಗೆ ತಿರುಗುತ್ತಿರುವಾಗಲೇ, ಸರಿಯಾದ ಹೊತ್ತು ನೋಡಿ, ಬಣ್ಣವಿಲ್ಲದ ಇನ್ನೊಂದು ದ್ರವದ ಹನಿ ಬಿಡಬೇಕು. ಹೊತ್ತು ಸರಿಯಿದ್ದರೆ, ಬಿಸಿ ತಟ್ಟೆಗೆ ಇಟ್ಟ ಕೂಡಲೇ ಪದರ ಕಪ್ಪಗೆ ಕನ್ನಡಿಯ ಹಾಗೆ ಹೊಳೆಯುತ್ತದೆ. ತಪ್ಪಿದರೆ ಬೂದಿ.

ಇವತ್ತು ನಲವತ್ತೈದು ಕಪ್ಪು, ಮೂರು ಬೂದಿ. ಕಪ್ಪಾದವಕ್ಕೆ ತಂತಿ ಕೂರಿಸಿ ಸುಳ್ಳು ಸೂರ್ಯನ ಕೆಳಗಿಟ್ಟೆ. ಬಿಸಿಲಿನಂಥ ಬೆಳಕು ಕೊಡುವ ಆ ದೀಪಕ್ಕೆ ನಾನಿಟ್ಟ ಹೆಸರು ಅದು. 19.1 ಬಂತು. ಬಿದ್ದ ಬೆಳಕಿನ ನೂರು ಪಾಲಿನಲ್ಲಿ ಹತ್ತೊಂಬತ್ತು ಕರೆಂಟಾಯಿತು. ಲ್ಯಾಬ್ ನಡೆಸುವ ಮೇಡಂ ಮುಖ ಅರಳಿತು.

ಮಾರ್ಚ್ 6, ಗುರುವಾರ

ದೂರದ ಒಂದು ಲ್ಯಾಬಿನಿಂದ ಮೇಡಂಗೆ ಪತ್ರ. ಕಳೆದ ವರ್ಷದ ನಮ್ಮ ಸಂಶೋಧನಾ ಪೇಪರ್ ಓದಿ ಹಾಗೇ ಮಾಡಿದರಂತೆ. ಹನಿ ಬಿಡುವುದು ಇಪ್ಪತ್ತೆರಡನೇ ಸೆಕೆಂಡಿಗೆ ಅಂತ ಬರೆದಿದ್ದೀರಿ, ಅಷ್ಟಕ್ಕೇ ಬಿಟ್ಟೆವು, ನಲವತ್ತು ಸಲ ಮಾಡಿದೆವು, ನಲವತ್ತೂ ಬೂದಿ… ಎಂದು.

ಮೇಡಂ ನಕ್ಕು ಪಕ್ಕಕ್ಕಿಟ್ಟರು. ಬೇರೆಯವರೆಲ್ಲ ಈ ಪದರವನ್ನು ಗಾಳಿ ತೇವ ಒಳಗೆ ಹೋಗದ ಗಾಜಿನ ಪೆಟ್ಟಿಗೆಯೊಳಗೆ ಕೈ ತೂರಿಸಿ ಮಾಡುತ್ತಾರೆ. ನಾವು ಬಯಲು ಗಾಳಿಯಲ್ಲೇ ಮಾಡುತ್ತೇವೆ. ಪೇಪರಿನ ಜೀವವೇ ಅದು. ಪೆಟ್ಟಿಗೆ ಬೇಡ ಅಂದರೆ ಯಾವ ಶೆಡ್ಡಿನಲ್ಲಿ ಬೇಕಾದರೂ ಸೋಲಾರ್ ಹಾಳೆ ಮಾಡಬಹುದು. ಆ ಲ್ಯಾಬಿನವರಿಗೆ ರೂಢಿಯಿಲ್ಲ, ಕೈ ಕುದುರಿಲ್ಲ ಎಂದರು ಮೇಡಂ.

ನಾನೂ ನಕ್ಕೆ. ಆದರೆ 'ಇಪ್ಪತ್ತೆರಡು' ಅನ್ನುವ ಮಾತು ಕೇಳಿದಾಗ ತೊಳೆದಿಟ್ಟ ಗಾಜನ್ನೇ ಮತ್ತೆ ತೊಳೆಯಲು ಹೋದೆ.

ಮಾರ್ಚ್ 12, ಬುಧವಾರ

ಎರಡನೇ ಪತ್ರ. ಬೇರೆ ದೇಶ, ಅದೇ ಬೂದಿ. ಈ ಸಲ ಪೇಪರ್ ಅಚ್ಚುಹಾಕಿದ ಪತ್ರಿಕೆಯವರಿಗೂ ಬರೆದಿದ್ದಾರೆ.

ಪತ್ರಿಕೆಯವರ ತೀರ್ಮಾನ ಸಂಜೆ ಬಂತು. ಏಪ್ರಿಲ್ ಕೊನೆಯೊಳಗೆ ಹೊರಗಿನವರೊಬ್ಬರನ್ನು ಕಳಿಸುತ್ತಾರೆ. ಅವರು ನಾವು ಬರೆದಿಟ್ಟ ಕ್ರಮ ಓದಿಕೊಂಡು, ತಮ್ಮ ಕೈಯಿಂದಲೇ ಸೆಲ್ ಮಾಡಬೇಕು. ಹದಿನೆಂಟು ದಾಟಬೇಕು. ಆಗಲಿಲ್ಲವೋ, ಪೇಪರ್ ವಾಪಸ್.

ವಾಪಸ್ ಅಂದರೆ ಹರಿದು ಹಾಕಿದ ಹಾಗಲ್ಲ, ಅದಕ್ಕಿಂತ ಕೆಟ್ಟದ್ದು. ಪೇಪರ್ ಇದ್ದಲ್ಲೇ ಇರುತ್ತದೆ, ಅದರ ಮೇಲೆ 'ನಂಬಬೇಡಿ' ಅಂತ ಅಡ್ಡ ಬರೆದಿರುತ್ತಾರೆ. ಮೇಡಂ ಹೆಸರು ಹುಡುಕಿದವರಿಗೆಲ್ಲ ಮೊದಲು ಕಾಣುವುದು ಅದೇ.

ನಾನೇ ಮಾಡಿ ತೋರಿಸುತ್ತೇನಲ್ಲ ಅಂದೆ. ಮೇಡಂ ತಲೆಯಾಡಿಸಿದರು.

"ನೀವು ಮಾಡಿದ್ರೆ ಸಾಲದು ಅಕ್ಕ. ಯಾರು ಮಾಡಿದ್ರೂ ಆಗಬೇಕು. ಇಲ್ಲಾಂದ್ರೆ ಅದು ವಿಜ್ಞಾನ ಅಲ್ಲ, ನಿಮ್ಮ ಕೈಗುಣ."

ಆಮೇಲೆ ತಾವೇ ಕೂತು ಗಡಿಯಾರ ಇಟ್ಟುಕೊಂಡು ಹತ್ತು ಗಾಜು ಮಾಡಿದರು. ಎಂಟು ಬೂದಿ. ನನ್ನ ಕೈಗೆ ಹತ್ತು ಕೊಟ್ಟರು. ಹತ್ತೂ ಕಪ್ಪು. ನನ್ನ ಕೈಗಳನ್ನೇ ನೋಡುತ್ತ ನಿಂತರು. ಗ್ಲೌಸ್ ಬಿಚ್ಚಲೂ ನಾಚಿಕೆಯಾಯಿತು.

ಮಾರ್ಚ್ 13

ಇಲ್ಲಿ ಬರೆಯಬಹುದು. ಯಾರೂ ಓದುವುದಿಲ್ಲ.

ನಾನು ಗಡಿಯಾರ ನೋಡುವುದೇ ಇಲ್ಲ. ನಾಲ್ಕು ವರ್ಷದಿಂದ. ಹನ್ನೊಂದು ವರ್ಷದ ಹಿಂದೆ ಗಾಜು ತೊಳೆಯಲು ಬಂದವಳು ನಾನು. ಮೇಡಂ ಬಂದ ಮೇಲೆ ಬುಗುರಿ ಕೈಗೆ ಬಂತು. ಬಂದ ಮೊದಲ ತಿಂಗಳೇ ಹೊತ್ತು ತಿಳಿಸುವ ಅದರ ಬೀಪ್ ಕೆಟ್ಟಿತು. ಒಂದು ಕೈಯಲ್ಲಿ ಹನಿ ಬಿಡುವ ಪಿಪೆಟ್, ಇನ್ನೊಂದರಲ್ಲಿ ಚಿಮುಟ — ಗಡಿಯಾರ ಒತ್ತಲು ಮೂರನೇ ಕೈ ಎಲ್ಲಿಂದ ತರಲಿ? ಅದಕ್ಕೆ ಅಜ್ಜಿಯ ಇರುವೆ ಕಥೆ ಹಿಡಿದುಕೊಂಡೆ. ಮಾಸ್ಕಿನೊಳಗೇ, ತುಟಿ ಅಲ್ಲಾಡಿದ್ದು ಕಾಣದ ಹಾಗೆ.

ಒಂದು ಇರುವೆ. ತಲೆ ಮೇಲೊಂದು ಕಾಳು. ಹೊರಟಿತು ಅಕ್ಕನ ಮನೆಗೆ. ಅಡ್ಡ ಬಂತು ಹೊಳೆ. ಹೊಳೆಯಮ್ಮ ಹೊಳೆಯಮ್ಮ ದಾರಿ ಬಿಡು. ನೀರು ಇಳಿಯಲಿ ತಡಿ. ಇಳಿಯಿತಾ? ಇನ್ನೂ ಇಲ್ಲ. ಇಳಿಯಿತಾ? ಇನ್ನೂ ಇಲ್ಲ. ಇಳಿಯಿತಾ? ಇಳಿಯಿತು.

'ಇಳಿಯಿತು' ಅನ್ನುವಾಗ ಹನಿ ಬಿಡುತ್ತೇನೆ.

ಪೇಪರ್ ಬರೆಯುವಾಗ ಮೇಡಂ ಕೇಳಿದ್ದರು, ಹನಿ ಎಷ್ಟನೇ ಸೆಕೆಂಡಿಗೆ ಬಿಡುತ್ತೀರಿ ಅಂತ. ಕಥೆ ಅನ್ನಲು ಬಾಯಿ ಬರಲಿಲ್ಲ. ಓದಿದವರ ನಡುವೆ ಇರುವೆ ಕಥೆಯೇ? ಕಾರಿಡಾರಿಗೆ ಹೋಗಿ, ಫೋನಿನ ಗಡಿಯಾರ ಒತ್ತಿ, ಕಥೆ ಹೇಳಿಕೊಂಡೆ. ಇಪ್ಪತ್ತೆರಡು ಬಂತು. ಅದನ್ನೇ ಹೇಳಿದೆ. ಅವರು ಅದನ್ನೇ ಬರೆದರು.

ಸುಳ್ಳಲ್ಲ. ಆದರೆ ನಿಜವೂ ಅಲ್ಲ ಅಂತ ಕಾಣುತ್ತದೆ.

ಮಾರ್ಚ್ 17, ಸೋಮವಾರ

ಮೇಡಂ ಊಟಕ್ಕೆ ಹೋದಾಗ ಕಳ್ಳಿಯ ಹಾಗೆ ಐದು ಗಾಜು ಮಾಡಿದೆ. ಬಾಯಿ ಬಿಗಿಹಿಡಿದು, ಗೋಡೆ ಗಡಿಯಾರ ನೋಡಿಕೊಂಡು, ಇಪ್ಪತ್ತೆರಡಕ್ಕೆ ಸರಿಯಾಗಿ.

ಐದೂ ಬೂದಿ. ನನ್ನ ಕೈಯಲ್ಲೇ.

ಗಾಜುಗಳನ್ನು ಕಸದ ಡಬ್ಬಿಯಲ್ಲಿ ತಳಕ್ಕೆ ಹಾಕಿದೆ.

ಮಾರ್ಚ್ 20

ಮನೆಯಲ್ಲಿ ಹೇಳಿಕೊಂಡೆ. ನಮ್ಮವರು ಲಿಫ್ಟ್ ರಿಪೇರಿಯವರು, ಎಲ್ಲದಕ್ಕೂ ಅವರಿಗೆ ಲಿಫ್ಟೇ ಉಪಮೆ. ತಟ್ಟೆಯಿಂದ ತಲೆ ಎತ್ತದೆ ಅಂದರು, "ಕೆಲಸ ಹೋದ್ರೆ ನನ್ನ ಜೊತೆ ಬಾ. ಲಿಫ್ಟಲ್ಲಿ ನಿಂತ್ಕೊಂಡು ಕಥೆ ಹೇಳು. ಹತ್ತನೇ ಮಹಡಿ ಬರೋವರೆಗೂ ಒಬ್ಬರೂ ತಪ್ಪಿಸ್ಕೊಳ್ಳೋಕಾಗಲ್ಲ."

ನಗು ಬಂತು, ಕಣ್ಣಲ್ಲಿ ನೀರೂ ಬಂತು. ಅವರು ತಟ್ಟೆ ಸರಿಸಿ, ಬೆಳಿಗ್ಗೆ ಹೋದ ಕೂಡಲೇ ಹೇಳಿಬಿಡು, ಇನ್ನೊಂದು ದಿನ ಇಟ್ಟುಕೊಂಡರೆ ಇನ್ನೂ ಭಾರ ಎಂದರು.

ಮಾರ್ಚ್ 21, ಶುಕ್ರವಾರ

ಹೇಳಿದೆ.

ಬೈಯುತ್ತಾರೆ ಅಂದುಕೊಂಡಿದ್ದೆ. ಬದಲಿಗೆ ಮೇಡಂ ಕುರ್ಚಿ ಎಳೆದು ಎದುರಿಗೆ ಕೂತು, ಕಥೆ ಹೇಳಿ ಅಂದರು. ಹಗಲು ಹನ್ನೊಂದು ಗಂಟೆ, ಹೊರಗೆ ಜನ ಓಡಾಡುತ್ತಿದ್ದಾರೆ, ನಾನು ಇರುವೆ ಕಥೆ ಹೇಳುತ್ತಿದ್ದೇನೆ. ಮೇಡಂ ಗಡಿಯಾರ ಒತ್ತಿದರು. ಇಪ್ಪತ್ತೆರಡು ಸೆಕೆಂಡು, ಮೇಲೆ ಕೂದಲೆಳೆಯಷ್ಟು. ಇನ್ನೊಮ್ಮೆ. ಮತ್ತೆ ಇಪ್ಪತ್ತೆರಡು.

ಹಾಗಾದರೆ ನೀವು ಕೊಟ್ಟ ಲೆಕ್ಕ ತಪ್ಪಿಲ್ಲವಲ್ಲ ಎಂದರು. ಕಸದ ಡಬ್ಬಿಗೆ ಹಾಕಿದ ಐದು ಗಾಜಿನ ವಿಷಯವನ್ನೂ ಹೇಳಿದೆ. ಸಿಟ್ಟಿನ ಬದಲು ಅವರ ಕಣ್ಣಲ್ಲಿ ಬೇರೇನೋ ಹೊಳೆಯಿತು. ಅಂಗಳದಲ್ಲಿ ಹೊಸ ಹುಳು ಕಂಡ ಮಗುವಿನ ಮುಖ.

ಇಬ್ಬರಿಗೂ ಭಯ ಇದೆ. ಆದರೆ ಭಯಕ್ಕಿಂತ ಒಂದು ಕೈ ಮೇಲೆ ಇದೊಂದು ಪ್ರಶ್ನೆ… ಯಾಕಿರಬಹುದು?

ಮಾರ್ಚ್ 24, ಸೋಮವಾರ

ಮೇಡಂ ಕಥೆ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಹೇಳುತ್ತ ಹತ್ತು ಗಾಜು ಮಾಡಿದರು. ಏಳು ಬೂದಿ. ಅವರು ಹೇಳಿದರೆ ಇರುವೆಯೂ ಇಂಟರ್‌ವ್ಯೂಗೆ ಹೊರಟ ಹಾಗೆ ಕೇಳಿಸುತ್ತದೆ ಅಂದೆ. ಮೊದಲ ಸಲ ಜೋರಾಗಿ ನಕ್ಕರು.

ಮಧ್ಯಾಹ್ನ ಅವರಿಗೊಂದು ಉಪಾಯ ಹೊಳೆಯಿತು. ನನ್ನ ಕಣ್ಣಿಗೆ ಕರ್ಚೀಫು ಕಟ್ಟಿದರು. ಪಿಪೆಟ್ಟನ್ನು ಗಾಜಿನ ನೇರಕ್ಕೆ ಒಂದು ಸ್ಟ್ಯಾಂಡಿಗೆ ಸಿಕ್ಕಿಸಿದರು. ಕಥೆ ಹೇಳುತ್ತ ಗುಂಡಿ ಒತ್ತುವುದಷ್ಟೇ ನನ್ನ ಕೆಲಸ. ಹತ್ತರಲ್ಲಿ ಒಂಬತ್ತು ಬೂದಿ. ಕರ್ಚೀಫು ಬಿಚ್ಚಿದರು. ಅದೇ ಸ್ಟ್ಯಾಂಡು, ಅದೇ ಕಥೆ. ಹತ್ತೂ ಕಪ್ಪು.

ಅಂದರೆ ಗುಟ್ಟು ಕಥೆಯಲ್ಲಿಲ್ಲ, ಕೈಯಲ್ಲೂ ಇಲ್ಲ. ಕಣ್ಣಿನಲ್ಲಿದೆ. ಏನು ನೋಡುತ್ತೀರಿ ಅಂತ ಕೇಳಿದರು.

ಏನೂ ನೋಡುವುದಿಲ್ಲವಲ್ಲ ಅಂದೆ. ಹಾಗೇ ಅಂದುಕೊಂಡಿದ್ದೆ.

ಮಾರ್ಚ್ 26, ಬುಧವಾರ. ಮೋಡ, ತಣ್ಣಗಿದೆ.

ನಾಲ್ಕು ಹಗಲು ಕೆಲಸ ಮಾಡುವಾಗ ಮೇಡಂ ಫೋನನ್ನು ಬುಗುರಿಯ ಮೇಲೆ ಕಟ್ಟಿ ವಿಡಿಯೊ ಹಿಡಿದಿದ್ದರು. ಇನ್ನೊಂದು ಫೋನು ನನ್ನ ಮಾಸ್ಕಿನ ಹತ್ತಿರ, ಪಿಸುಮಾತಿಗೆ. ಇವತ್ತು ಕೂತು ನೋಡಿದೆವು.

ಬಿಸಿಲಿದ್ದ ದಿನ ಹದಿನೇಳನೇ ಸೆಕೆಂಡಿಗೆ ಹನಿ ಬಿಟ್ಟಿದ್ದೇನೆ. ಶನಿವಾರ ಇಪ್ಪತ್ತಾರಕ್ಕೆ. ಇವತ್ತು ಮೂವತ್ತೊಂದಕ್ಕೆ.

"ಒಂದು ಸಲಾನೂ ಇಪ್ಪತ್ತೆರಡಕ್ಕೆ ಬಿಟ್ಟಿಲ್ಲ ಅಕ್ಕ ನೀವು," ಅಂದರು ಮೇಡಂ.

ಪಿಸುಮಾತು ಕೇಳಿಸಿದರು. ನನ್ನದೇ ದನಿ. ಬಿಸಿಲಿನ ದಿನ 'ಇಳಿಯಿತಾ' ಎರಡೇ ಸಲ. ಇವತ್ತು ಐದು ಸಲ ಕೇಳಿದ್ದೇನೆ. ಮೂರು ಸಲವೇ ಕೇಳುತ್ತಿದ್ದೇನೆ ಅಂತ ಆಣೆ ಮಾಡಿ ಹೇಳುತ್ತಿದ್ದೆ ನಾನು. ನಾಲ್ಕು ವರ್ಷ ನನ್ನ ಬಾಯಿ ಏನು ಮಾಡುತ್ತಿದೆ ಅಂತ ನನಗೇ ಗೊತ್ತಿಲ್ಲ. ಹೆಮ್ಮೆಪಡುವುದೋ, ಅಳುವುದೋ.

ಮಾರ್ಚ್ 28, ಶುಕ್ರವಾರ

ಸಂಜೆ ಅಣ್ಣನಿಗೆ ಫೋನ್ ಮಾಡಿದೆ. ಅವನೂ ಅದೇ ಅಜ್ಜಿಯ ಪಕ್ಕ ಮಲಗಿ ಕಥೆ ಕೇಳಿ ಬೆಳೆದವನು. ಕುಶಲ ಕೇಳುವ ಮೊದಲೇ ಕೇಳಿಬಿಟ್ಟೆ, ಇರುವೆ ಕಥೆಯಲ್ಲಿ ಅಜ್ಜಿ ಎಷ್ಟು ಸಲ ಇಳಿಯಿತಾ ಅನ್ನುತ್ತಿದ್ದಳು?

"ಎಷ್ಟು ಸಲ ಅಂದ್ರೆ? ನೀನು ಹೂಂ ಅನ್ನೋವರೆಗೆ."

ನಾನು ಹೂಂ ಅನ್ನುವುದೇ, ಅಂದೆ.

"ಮರೆತೆಯೇನೇ? ಇಳಿಯಿತಾ ಅಂತ ನಿನ್ನ ಮುಖ ನೋಡ್ತಿದ್ಳು. ನೀನು ಹೂಂ ಅಂದ್ರೆ ಮಾತ್ರ ಇಳಿಯಿತು. ನಿನಗೆ ಹೊಳೆ ನೋಡ್ತಾ ಕೂರೋದೇ ಇಷ್ಟ, ಹೂಂ ಅಂತಾನೇ ಇರಲಿಲ್ಲ. ನನಗೆ ನಿದ್ದೆ ಬಂದು ಸಾಯ್ತಿದ್ದೆ."

ಫೋನ್ ಇಟ್ಟೆ. ಅಂದರೆ ಇಷ್ಟು ದಿನ ನಾನು ಕಥೆ ಎಣಿಸುತ್ತಿರಲಿಲ್ಲ. ಹೇಳುತ್ತಿದ್ದೆ. ಕೇಳುವವರು ಹೂಂ ಅನ್ನುವವರೆಗೆ ಕಾಯುತ್ತಿದ್ದೆ.

ಆ ಬುಗುರಿಯ ಮೇಲೆ ಹೂಂ ಅನ್ನುತ್ತಿದ್ದುದು ಯಾರು?

ಮಾರ್ಚ್ 31, ಸೋಮವಾರ

ಪದರವೇ ಅನ್ನುತ್ತಿದೆ. ಬೇರೆ ಯಾರಿದ್ದಾರೆ ಅಲ್ಲಿ?

ಆದರೆ ಹೇಗೆ ಅನ್ನುತ್ತದೆ, ಹೇಳಲು ಬರುತ್ತಿಲ್ಲ. ನೋಡಲು ಹೊರಟರೆ ಕಾಣುವುದಿಲ್ಲ. ಕಥೆ ಹೇಳಿಕೊಂಡಿದ್ದರೆ ತಾನೇ ಗೊತ್ತಾಗುತ್ತದೆ. ಮೆಟ್ಟಿಲು ಇಳಿಯುವಾಗ ಕಾಲಿನ ಕಡೆ ಯೋಚನೆ ಹೋದರೆ ಎಡವುವುದಿಲ್ಲವೇ, ಹಾಗೆ. ಮಧ್ಯಾಹ್ನದವರೆಗೆ ಮೇಡಂ ಏನು ಕಂಡಿತು, ಈಗೇನು ಕಂಡಿತು ಅಂತ ಕೇಳುತ್ತಲೇ ಇದ್ದರು. ಕೇಳಿ ಕೇಳಿ ನನ್ನ ಗಾಜುಗಳೂ ಬೂದಿಯಾಗತೊಡಗಿದವು.

ಹೊರಗಿನವರು ಬರುವುದು ಏಪ್ರಿಲ್ 24ಕ್ಕೆ ಅಂತ ಗೊತ್ತಾಗಿದೆ, ಇನ್ನು ಇಪ್ಪತ್ತನಾಲ್ಕು ದಿನ. ಇದ್ದದ್ದೂ ಹೋದರೆ ಏನು ಗತಿ?

ಏಪ್ರಿಲ್ 2

ಮೇಡಂ ಇವತ್ತು ಪ್ರಶ್ನೆ ಕೇಳಲಿಲ್ಲ. ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, ನೀವು ಗಟ್ಟಿಯಾಗಿ ಕಥೆ ಹೇಳಿ, ನಾನು ಕೇಳುವವಳು, ಹೂಂ ಅನ್ನುವುದು ನನ್ನ ಕೆಲಸ ಎಂದರು.

ಇಳಿಯಿತಾ? ಹೂಂ ಅಂದರು. ಅದು ನನಗೆ ತೀರಾ ಬೇಗ ಅನಿಸಿತು. ಆದರೂ ಬಿಟ್ಟೆ. ಬೂದಿ. ಇನ್ನೊಂದು. ತಡವಾಯಿತು. ಬೂದಿ. ಮೂವತ್ತು ಗಾಜು ಹಾಳು. ಆದರೆ ನನಗೊಂದು ತಮಾಷೆ ಗೊತ್ತಾಯಿತು. ಅವರು ತಪ್ಪು ಹೊತ್ತಿಗೆ ಹೂಂ ಅಂದರೆ ಮೈಯೆಲ್ಲ ಬೇಡ ಅನ್ನುತ್ತದೆ. ಸರಿಯಾದ್ದು ಯಾವುದು ಅಂತ ಹೇಳಲಾರೆ, ತಪ್ಪು ಯಾವುದು ಅಂತ ಥಟ್ಟನೆ ಹೇಳಬಲ್ಲೆ.

ಏಪ್ರಿಲ್ 4, ಶುಕ್ರವಾರ, ಸಂಜೆ 5

ಇವತ್ತು ಮೂರನೇ ದಿನ. ಹನ್ನೆರಡನೇ ಗಾಜಿನಲ್ಲಿ ಮೇಡಂ ಹೂಂ ಅಂದದ್ದೂ ನನ್ನ ಬೆರಳು ಒತ್ತಿದ್ದೂ ಒಟ್ಟಿಗೆ. ಕಪ್ಪು. ಹದಿಮೂರನೆಯದೂ ಕಪ್ಪು. ಹದಿನಾಲ್ಕು, ಹದಿನೈದು…

ಏನು ಕಂಡಿತು ಅಂತ ಈ ಸಲ ನಾನು ಕೇಳಿದೆ.

ಬಣ್ಣ ಎಂದರು.

ಟೇಬಲ್ ಲ್ಯಾಂಪು ತಂದು ಓರೆಯಾಗಿ ಇಟ್ಟರು. ಇದ್ದಕ್ಕಿದ್ದ ಹಾಗೆ ನನಗೂ ಕಂಡಿತು, ನಾಲ್ಕು ವರ್ಷದಿಂದ ನೋಡುತ್ತಿದ್ದದ್ದು. ತಿರುಗುವ ಪದರದ ಮೇಲೆ ಸೋಪಿನ ಗುಳ್ಳೆಯ ಮೇಲಿರುವಂಥ ಬಣ್ಣದ ಬಳೆಗಳು. ಹಸಿರು, ಗುಲಾಬಿ, ಹಸಿರು. ನಡುವಿನಿಂದ ಅಂಚಿಗೆ ಓಡುತ್ತವೆ. ಬರಬರುತ್ತ ಓಟ ನಿಧಾನ. ಕೊನೆಯ ಗುಲಾಬಿ ಅಂಚಿಗೆ ಬಂದು ನಿಲ್ಲುತ್ತದೆ. ನಿಂತ ಮೇಲೆ ಒಂದು ಉಸಿರಿನಷ್ಟು ಹೊತ್ತು. ಆಗ ಬಿಡಬೇಕು ಹನಿ.

ಮೇಡಂ ಬಿಡಿಸಿ ಹೇಳಿದರು. ದ್ರಾವಣ ತೆಳ್ಳಗಾಗುತ್ತಿರುವವರೆಗೆ ಬಣ್ಣ ಓಡುತ್ತದೆ. ಬಣ್ಣ ನಿಂತರೆ ಹರಿಯುವುದು ಮುಗಿಯಿತು, ಇನ್ನು ಒಣಗುವುದು ಅಂತ. ಆ ಗಳಿಗೆಯಲ್ಲಿ ಹನಿ ಬಿದ್ದರೆ ಹರಳುಗಳೆಲ್ಲ ಒಂದೇ ಸಲ ಹುಟ್ಟುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ಹರಳು, ಕೋಟಿಗಟ್ಟಲೆ, ಒಂದಕ್ಕೊಂದು ಭುಜ ತಾಗಿಸಿ. ಬೇಗ ಬಿದ್ದರೆ ಹರಳು ಕಟ್ಟುವುದಿಲ್ಲ. ತಡವಾದರೆ ನಾಲ್ಕೇ ಹರಳು ದಪ್ಪಗೆ ಬೆಳೆದು ನಡುವೆ ತೂತು ಬಿಡುತ್ತವೆ. ತೂತಿದ್ದಲ್ಲಿ ಕರೆಂಟು ಸೋರಿಹೋಗುತ್ತದೆ. ಬಿಸಿಲಿನ ದಿನ ಬೇಗ ಒಣಗುತ್ತದೆ, ತಣ್ಣಗಿದ್ದರೆ ತಡ. ಗಡಿಯಾರಕ್ಕೆ ಅದೇನು ಗೊತ್ತು, ಪಾಪ.

ಇಬ್ಬರೂ ಬಾಗಿಲು ಹಾಕಿಕೊಂಡು ನಕ್ಕೆವು. ಯಾಕೆ ಅಂತ ಗೊತ್ತಿಲ್ಲ.

ಏಪ್ರಿಲ್ 9

ವಿಭಾಗದ ದೊಡ್ಡವರ ಕೋಣೆಯಲ್ಲಿ ಮಾತುಕತೆ. ನನ್ನನ್ನೂ ಕೂರಿಸಿದರು. ಅವರಿಗೆ ಇದು ರುಚಿಸಲಿಲ್ಲ. 'ಪದರ ತಯಾರಾದಾಗ ಬಿಡಿ' ಅಂತ ಬರೆದರೆ ಅಡುಗೆ ಪುಸ್ತಕ ಆಗುತ್ತದೆ, ಜನ ನಗುತ್ತಾರೆ, ಇಷ್ಟು ಬಿಸಿಗೆ ಇಷ್ಟು ಸೆಕೆಂಡು ಅಂತ ಒಂದು ಪಟ್ಟಿ ಮಾಡಿ ಹಾಕಿ ಎಂದರು. ಇನ್ನೂ ಒಂದು ಮಾತು. ಇಪ್ಪತ್ತೆರಡು ತಪ್ಪು ಅಂತ ಒಪ್ಪಿಕೊಳ್ಳುವುದು ಬೇಡ, 'ವಿವರಣೆ ಸೇರಿಸಲಾಗಿದೆ' ಅಂದರೆ ಸಾಕು.

ಮೇಡಂ ದನಿ ಏರಿಸಲಿಲ್ಲ. "ತಪ್ಪು ಬರೆದಿದ್ದು ನಾನು ಸರ್. ತಪ್ಪು ಅಂತಾನೇ ಬರೀತೀನಿ."

ತಪ್ಪು ಹೇಳಿದ್ದು ನಾನು ಅನ್ನಲು ಬಾಯಿ ತೆಗೆದೆ. ಮೇಡಂ ಮೇಜಿನ ಕೆಳಗೆ ನನ್ನ ಕಾಲು ತುಳಿದರು.

ಏಪ್ರಿಲ್ 23, ಬುಧವಾರ

ಎರಡು ವಾರ ಬರೆಯಲು ಆಗಲಿಲ್ಲ. ಕ್ರಮ ಬರೆದದ್ದು, ಹರಿದದ್ದು, ಮತ್ತೆ ಬರೆದದ್ದು. ಬುಗುರಿ ಕಂಡೇ ಇರದವರಿಗೆ ಕೊಟ್ಟು ಪರೀಕ್ಷೆ. ಕೆಳಗಿನ ಮಹಡಿಯ ಟೈಪಿಸ್ಟು ಆರಕ್ಕೆ ನಾಲ್ಕು ಕಪ್ಪು ಮಾಡಿದಳು. ಕಾವಲಿನವರು ಒಂದೂ ಮಾಡಲಿಲ್ಲ. ಹಸಿರು, ಗುಲಾಬಿ ಎರಡೂ ಅವರ ಕಣ್ಣಿಗೆ ಒಂದೇ ಅಂತೆ. ಮೇಡಂ ಅದನ್ನೂ ಕ್ರಮದಲ್ಲಿ ಸೇರಿಸಿದರು: ಬಣ್ಣ ಯಾವುದು ಅಂತ ನೋಡಬೇಡಿ, ಓಟ ನಿಂತಿತೇ ನೋಡಿ.

ನಾಳೆ ಬರುತ್ತಾರೆ ಪತ್ರಿಕೆ ಕಳಿಸುವ ಅಳತೆಯವರು.

ಏಪ್ರಿಲ್ 24, ಮಧ್ಯಾಹ್ನ 1.30

ಅರವತ್ತರ ಹತ್ತಿರದ ಮನುಷ್ಯ. ಮಾತು ಕಮ್ಮಿ. ಒಳಗೆ ಅವರೊಬ್ಬರೇ, ಕೈಯಲ್ಲಿ ಕ್ರಮ ಬರೆದ ನಾಲ್ಕು ಹಾಳೆ. ನಾವು ಮಾತಾಡುವ ಹಾಗಿಲ್ಲ, ಸನ್ನೆ ಮಾಡುವ ಹಾಗಿಲ್ಲ. ಗಾಜಿನ ಗೋಡೆಯಾಚೆ ನಿಂತೆವು. ಬುಗುರಿಯ ಮೇಲೆ ಮೇಡಂ ಫೋನು ಮಾತ್ರ ವಿಡಿಯೊ ಹಿಡಿಯುತ್ತಿತ್ತು, ಅವರ ಒಪ್ಪಿಗೆಯಿಂದಲೇ. ಹನ್ನೆರಡು ಗಾಜು ಕೊಟ್ಟಿದ್ದೇವೆ. ತೊಳೆದವಳು ನಾನೇ. ಅಷ್ಟಾದರೂ ನನ್ನದು.

ಮೊದಲನೆಯದು ಬೂದಿ. ಎರಡನೆಯದು ಬೂದಿ. ಮೂರನೆಯದೂ.

ಯಾಕೆ ಅಂತ ನನಗೆ ಕಾಣುತ್ತಿತ್ತು. ಪ್ರತಿ ಸಲವೂ ಕೊನೇ ಗಳಿಗೆಯಲ್ಲಿ ಅವರ ಕಣ್ಣು ಕೈಗಡಿಯಾರಕ್ಕೆ ಹೋಗುತ್ತಿತ್ತು. ಮೂವತ್ತು ವರ್ಷದ ರೂಢಿ ಇರಬೇಕು. ಕೂಗಬೇಕು ಅನಿಸಿತು, ತುಟಿ ಕಚ್ಚಿಕೊಂಡೆ. ಮೇಡಂ ನನ್ನ ಕೈ ಹಿಡಿದಿದ್ದರು, ಉಗುರು ಚರ್ಮಕ್ಕೆ ನಾಟಿತು.

ಅವರು ನಿಂತರು. ಎರಡನೇ ಹಾಳೆ ಇನ್ನೊಮ್ಮೆ ಓದಿದರು. ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಲ್ಯಾಂಪನ್ನು ಒಂದಿಷ್ಟು ಬಗ್ಗಿಸಿ, ಗಾಜಿನ ಮೇಲೆ ಕಣ್ಣು ನೆಟ್ಟರು. ಆಮೇಲೆ ರೆಪ್ಪೆಯೂ ಅಲ್ಲಾಡಲಿಲ್ಲ.

ನಾಲ್ಕನೆಯದು ಬಿಸಿ ತಟ್ಟೆಯ ಮೇಲೆ ಕಪ್ಪಾಯಿತು. ಅವರು ಅದನ್ನು ಎತ್ತಿ ತಮ್ಮ ಮುಖ ನೋಡಿಕೊಂಡರು.

ಹನ್ನೆರಡಕ್ಕೆ ಎಂಟು ಕಪ್ಪು. ಕಪ್ಪಾದ ಮಾತ್ರಕ್ಕೆ ಆಗಲಿಲ್ಲ, ತಂತಿ ಕೂರಿಸಿ ಅಳೆಯುವುದು ನಾಳೆ.

ಏಪ್ರಿಲ್ 25, ಶುಕ್ರವಾರ, ಬೆಳಿಗ್ಗೆ 11

ಸುಳ್ಳು ಸೂರ್ಯ ಹಚ್ಚಿದ್ದಾರೆ. ನಮ್ಮನ್ನು ಹೊರಗೆ ಕಳಿಸಿದರು. ಮೇಡಂ ಮೆಟ್ಟಿಲ ಮೇಲೆ ಕೂತಿದ್ದಾರೆ. ನಾನು ಗಾಜು ತೊಳೆಯುತ್ತಿದ್ದೇನೆ, ಯಾರೂ ಹೇಳಿಲ್ಲ.

ಸಂಜೆ 4.10

ಮೇಡಂ ಹಾಳೆಯನ್ನು ನನ್ನ ಮುಂದಿಟ್ಟರು. 17.6, 18.3, 18.9, 18.2… ಎಂಟರಲ್ಲಿ ಆರು ಹದಿನೆಂಟರ ಮೇಲೆ. ಕೆಳಗೆ ಅಳತೆಯವರ ರುಜು. 'ತಿದ್ದಿದ ಕ್ರಮದಂತೆ ಸಾಧ್ಯ.' ಪೇಪರ್ ಉಳಿಯಿತು, ತಿದ್ದುಪಡಿಯೊಂದಿಗೆ. ಮೇಡಂ ಮುಖ ತೊಳೆಯಲು ಹೋದವರು ಇನ್ನೂ ಬಂದಿಲ್ಲ.

ಹಾಳೆಯನ್ನು ಇನ್ನೊಮ್ಮೆ ಓದಿದೆ. ಒಂಬತ್ತನೇ ಗಾಜು: 19.8.

ನಾಲ್ಕು ವರ್ಷದಲ್ಲಿ ನಾನು 19.4 ದಾಟಿಲ್ಲ. ಕಥೆ ಗೊತ್ತಿಲ್ಲದವರು, ಅಜ್ಜಿಯನ್ನು ಕಾಣದವರು, ಒಂದೇ ದಿನದಲ್ಲಿ… ಒಂದು ಗಳಿಗೆ ಚುಚ್ಚಿತು. ಸುಳ್ಳೇಕೆ ಬರೆಯಲಿ. ಆಮೇಲೆ ಚುಚ್ಚಿದ ಜಾಗದಲ್ಲೇ ತುರಿಕೆ ಶುರುವಾಯಿತು. ಯಾಕೆ? ಒಂಬತ್ತನೆಯದೇ ಯಾಕೆ?

ಓಡಿಹೋದೆ. ಅಳತೆಯವರು ಗೇಟಿನ ಹತ್ತಿರ ಕಾರಿಗೆ ಕಾಯುತ್ತಿದ್ದರು. ಒಂಬತ್ತನೆಯದರಲ್ಲಿ ಬೇರೆ ಏನು ಮಾಡಿದಿರಿ ಅಂತ ಕೇಳಿದೆ. ಬಹಳ ಯೋಚಿಸಿ, "ಏನೂ ಬೇರೆ ಮಾಡಲಿಲ್ಲಮ್ಮ," ಎಂದರು.

ಅವರು ನಿಜವಾಗಿ ಹಾಗೇ ಅಂದುಕೊಂಡಿದ್ದಾರೆ. ನನಗೆ ಗೊತ್ತು.

4.40

ಮೇಡಂ ಫೋನು ಮೇಜಿನ ಮೇಲಿದೆ. ನಿನ್ನೆಯ ವಿಡಿಯೊ. ಒಂಬತ್ತನೆಯದನ್ನು ನಿಧಾನದಲ್ಲಿಟ್ಟು ನೋಡುತ್ತ ಬರೆಯುತ್ತಿದ್ದೇನೆ. ಬಣ್ಣ ಓಡುತ್ತಿದೆ… ನಿಂತಿತು. ಹನಿ ಇನ್ನೂ ಬಿಟ್ಟಿಲ್ಲ. ನನಗಿಂತ ತಡ. ಮಣಿಕಟ್ಟು ಕೆಳಗೆ ಬಂತು, ನಾನು ಯಾವತ್ತೂ ಅಷ್ಟು ಕೆಳಗೆ ತರುವುದಿಲ್ಲ. ಬಿಡುವ ಮುಂಚೆ ಪಿಪೆಟ್ಟಿನ ತುದಿಯನ್ನು ಒಂದಿಷ್ಟೇ ಓರೆ ಮಾಡಿದರು. ಬೆಳಿಗ್ಗೆ ತೊಳೆದ ಗಾಜು ಇನ್ನೂ ಇದೆ, ಹೋಗಿ ಮಾಡಿ ನೋಡುತ್ತೇನೆ.